ಆಮೆಗೆ ಕಣ್ಣಿಲ್ಲ

ಗುಜರಿಗೆ ಹಾಕೋಣ ಅಂತ ಮೊನ್ನೆ ಅಟ್ಟದಿಂದ ಹಳೇ ಮಾನಿಟರ್ ಒಂದನ್ನು ಇಳಿಸಿದೆ. ಬೆನ್ನು ಊದಿಕೊಂಡ, ಡಬ್ಬದಂಥ ಮಾನಿಟರ್. ಹಾಳಾದ ಕುತೂಹಲ, ಒಂದು ಸಲ ಪ್ಲಗ್ಗು ಹಾಕಿ ನೋಡಿದೆ. ಚಿತ್ರ ಬರಲಿಲ್ಲ. ಬಂದಿದ್ದು ವಾಸನೆ... ಬಿಸಿಯಾದ ಧೂಳಿನದ್ದು. ಅಷ್ಟಕ್ಕೇ, ಕಂಪ್ಯೂಟರ್ ಮಿಸ್ಸು ಹಿಂದೆಯೇ ನಿಂತು, "ಓದಮ್ಮ, ಆಮೆ ಎಲ್ಲಿದೆ?" ಅಂತ ಕೇಳಿದ ಹಾಗಾಯಿತು. ಮನೆಯಲ್ಲಿ ಒಬ್ಬಳೇ ಇದ್ದೆ. ತಿರುಗಿ ನೋಡೋಕೂ ಧೈರ್ಯ ಬರಲಿಲ್ಲ, ನಗಬೇಡಿ.

ತೊಂಬತ್ತರ ದಶಕದ ಮಾತು. ಮೈಸೂರಿನ ಕೃಷ್ಣಮೂರ್ತಿಪುರಂನ ಒಂದು ಸಣ್ಣ ಸ್ಕೂಲಲ್ಲಿ ನಾನು ಆಗ ನಾಲ್ಕನೇ ಕ್ಲಾಸು. ನಲವತ್ತು ಮಕ್ಕಳಿಗೆ ಎರಡು ಕಂಪ್ಯೂಟರ್. ಚಪ್ಪಲಿ ಹೊರಗೆ ಬಿಟ್ಟು, ಕೈ ಕಟ್ಟಿಕೊಂಡು ಒಳಗೆ ಹೋಗಬೇಕು. ನಮ್ಮ ದೇವರ ಮನೆಗೂ ಅಷ್ಟು ಮಡಿ ಇರಲಿಲ್ಲ. ಪರದೆ ಮೇಲೆ ಒಂದು ಪುಟ್ಟ ತ್ರಿಕೋನ, ಅದಕ್ಕೆ ಆಮೆ ಅಂತ ಹೆಸರು. ಇಷ್ಟು ಹೆಜ್ಜೆ ಮುಂದೆ, ಇಷ್ಟು ಡಿಗ್ರಿ ಬಲಕ್ಕೆ ಅಂತ ಟೈಪ್ ಮಾಡಿದರೆ ಗೆರೆ ಎಳೆದುಕೊಂಡು ಹೋಗುತ್ತಿತ್ತು.

ಮಿಸ್ಸು ಕೆಸರೆಯಿಂದ ಬಸ್ಸಲ್ಲಿ ಬರುತ್ತಿದ್ದರು. ಸಣಕಲು ಮೈ, ದಪ್ಪ ಗಾಜಿನ ಕನ್ನಡಕ, ಯಾವಾಗಲೂ ಇಸ್ತ್ರಿ ಮಾಡಿದ ಕಾಟನ್ ಸೀರೆ. ಕಂಪ್ಯೂಟರ್ ಸಾಲದು ಅಂತ ಅವರು ನಮ್ಮನ್ನೇ ಆಮೆ ಮಾಡಿ ಅಂಗಳದ ಕಲ್ಲು ಚಪ್ಪಡಿಗಳ ಮೇಲೆ ನಡೆಸುತ್ತಿದ್ದರು. ಒಬ್ಬರು ಕಣ್ಣು ಮುಚ್ಚಿಕೊಂಡು ಆಮೆಯಾಗಬೇಕು, ಇನ್ನೊಬ್ಬರು ಹೇಳಬೇಕು. "ಸ್ವಲ್ಪ ಮುಂದೆ" ಅಂದರೆ ಸಾಕು, ಮಿಸ್ಸಿಗೆ ರೇಗುತ್ತಿತ್ತು. "ಸ್ವಲ್ಪ ಅಂದ್ರೆ ಎಷ್ಟು ಕಣೋ? ಆಮೆಗೆ ಕಣ್ಣಿಲ್ಲ. ಎಣಿಸಿ ಹೇಳು." 'ಅಲ್ಲಿ', 'ಇಲ್ಲೇ', 'ಹಂಗೇ' ಎಲ್ಲಾ ನಿಷೇಧ. ಮೈಸೂರಿನವರ ಬಾಯಿಂದ ಈ ಮಾತುಗಳನ್ನು ಕಿತ್ತುಕೊಂಡರೆ ಉಳಿಯೋದೇನು ಹೇಳಿ!

ಶುಕ್ರವಾರ ಮಿಸ್ಸೇ ಆಮೆ. ಅದು ಮಾತ್ರ ನಮಗೆ ಕಷ್ಟ. "ನಿಲ್ಲು" ಅನ್ನಿ ಅಂತ ಅವರು, "ನಿಂತ್ಕೊಳ್ಳಿ ಮಿಸ್" ಅಂತ ನಾವು. ಟೀಚರಿಗೆ ಏಕವಚನ ಅಂದರೆ ನಾಲಿಗೆಯೇ ಏಳುತ್ತಿರಲಿಲ್ಲ. ಲ್ಯಾಬಿಂದ ಸ್ಟಾಫ್ ರೂಮು, ಸ್ಟಾಫ್ ರೂಮಿಂದ ಗೇಟು, ಹೀಗೆ ಸ್ಕೂಲಿನ ಒಂದೊಂದು ದಾರಿಗೂ ನಮ್ಮ ಕೈಯಲ್ಲಿ ಪ್ರೋಗ್ರಾಂ ಬರೆಸಿದರು. ಎಷ್ಟು ಹೆಜ್ಜೆ, ಎಲ್ಲಿ ತಿರುವು, ಎಷ್ಟು ಮೆಟ್ಟಿಲು. ಸ್ಟಾಫ್ ರೂಮಿಂದ ಲ್ಯಾಬಿನ ದಾರಿ ಬರೆದವಳು ನಾನು. ಒಂದು ಹೆಜ್ಜೆಯೂ ತಪ್ಪಿಲ್ಲ ಅಂತ ಮಿಸ್ಸು ಬೆನ್ನು ತಟ್ಟಿದಾಗ ವಾರವಿಡೀ ನಾನು ನೆಲದ ಮೇಲೆ ನಡೆಯಲಿಲ್ಲ.

ಸಂಜೆ ನನ್ನ ಕೈ ಹಿಡಿದು ರಸ್ತೆ ದಾಟುತ್ತಿದ್ದರು. ಮಿಸ್ಸು ನನ್ನನ್ನು ದಾಟಿಸುತ್ತಿದ್ದಾರೆ ಅಂತಲೇ ನಾನು ತಿಳಿದಿದ್ದೆ. ಒಂದು ದಿನ ಸಿಟಿ ಬಸ್ಸು ಎದುರಿಗೇ ಬರುತ್ತಿದ್ದರೂ ಅವರು ಕಾಲಿಟ್ಟುಬಿಟ್ಟರು. ನಾನು ಸೀರೆ ಹಿಡಿದು ಎಳೆದೆ. ಬಸ್ಸು ಹೋದ ಮೇಲೆ ಫುಟ್‌ಪಾತಿನಲ್ಲಿ ನಿಂತು ಹೇಳಿದರು. "ಕಣ್ಣು ಮಂಜಾಗ್ತಾ ಇದೆ ಕಣಮ್ಮ. ವಾಸಿಯಾಗಲ್ವಂತೆ. ಸ್ಕೂಲಲ್ಲಿ ಗೊತ್ತಾದ್ರೆ ಕೆಲಸ ಹೋಗುತ್ತೆ. ಯಾರಿಗೂ ಹೇಳ್ಬೇಡ." ನಾವು ಬರೆದುಕೊಟ್ಟ ದಾರಿಗಳನ್ನೆಲ್ಲ ಅವರು ಬಾಯಿಪಾಠ ಮಾಡಿಕೊಂಡು ನಡೆಯುತ್ತಿದ್ದರು ಅಂತ ಆವತ್ತು ಅರ್ಥವಾಯಿತು. ಅವತ್ತಿಂದ ದಾಟಿಸುವ ಕೆಲಸ ನನ್ನದಾಯಿತು. ಒಂದು ವರ್ಷ ಬಾಯಿ ಬಿಡಲಿಲ್ಲ ನಾನು, ಅಮ್ಮನ ಹತ್ತಿರವೂ.

ಐದನೇ ಕ್ಲಾಸಲ್ಲಿದ್ದಾಗ ಆಯುಧಪೂಜೆ ಬಂತು. ದಸರಾ ರಜ ಕೊಡುವ ಹಿಂದಿನ ದಿನವೇ ಪೂಜೆ ಮುಗಿಸಿಬಿಡುವುದು ನಮ್ಮ ಸ್ಕೂಲಿನ ಪದ್ಧತಿ. ಕಂಪ್ಯೂಟರಿಗೆ ಸೇವಂತಿಗೆ ಹಾರ, ಮಾನಿಟರಿನ ಹಣೆಗೆ ಕುಂಕುಮ. ಬೂದುಗುಂಬಳಕಾಯಿಯನ್ನು ಯಾರೋ ಪುಣ್ಯಾತ್ಮರು ಲ್ಯಾಬಿನ ಬಾಗಿಲ ಮುಂದೆ ನಟ್ಟನಡುವೆ ಇಟ್ಟು, ಪಕ್ಕದಲ್ಲಿ ದೀಪ ಹಚ್ಚಿದ್ದರು. ನನ್ನ ಪ್ರೋಗ್ರಾಂನಲ್ಲಿ ಕುಂಬಳಕಾಯಿ ಇರಲಿಲ್ಲ.

ಮಿಸ್ಸು ಕಡ್ಲೆಪುರಿ ತಟ್ಟೆ ಹಿಡಿದು ಸ್ಟಾಫ್ ರೂಮಿಂದ ಹೊರಟರು. ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದರು. ಬಾಗಿಲಿಗೆ ಎರಡೇ ಹೆಜ್ಜೆ. ನಾನು ಕೂಗಬೇಕಾಗಿದ್ದು "ನಿಲ್ಲು" ಅಂತ. ನಾನು ಕೂಗಿದ್ದು, "ಮಿಸ್, ನೋಡ್ಕೊಂಡು!"

ಅಯ್ಯೋ ನನ್ನ ಬುದ್ಧಿಗಿಷ್ಟು! ನಮ್ಮೂರಲ್ಲಿ ಎಡವೋರಿಗೆಲ್ಲ ನಾವು ಹೇಳೋದು ಅದನ್ನೇ ತಾನೆ. ನೋಡೋಕಾಗದವರಿಗೂ ಅದನ್ನೇ ಹೇಳಿದೆ. ಮಿಸ್ಸು ನನ್ನ ದನಿಯ ಕಡೆ ತಿರುಗಿದರು, ಎಣಿಕೆ ತಪ್ಪಿತು, ಕಾಲು ಕುಂಬಳಕಾಯಿಗೆ ತಗುಲಿ ಮುಗ್ಗರಿಸಿ ಬಿದ್ದರು. ದೀಪ ಉರುಳಿತು. ಪುರಿಯೆಲ್ಲ ಚೆಲ್ಲಿತು. ಕನ್ನಡಕ ಅವರ ಕೈಗೆ ಒಂದು ಗೇಣು ದೂರದಲ್ಲಿ ಬಿದ್ದಿತ್ತು, ಅವರು ಮಾತ್ರ ಪುರಿಯಲ್ಲಿ ಬೇರೆ ಕಡೆಯೆಲ್ಲ ತಡವುತ್ತಿದ್ದರು... ಹೆಡ್‌ಮಿಸ್ಸು ನಿಂತು ಅದನ್ನೇ ನೋಡುತ್ತಿದ್ದರು.

ಮಧ್ಯಾಹ್ನ ನನ್ನನ್ನು ಆಫೀಸಿಗೆ ಕರೆಸಿದರು. ಮಿಸ್ಸು ಅಲ್ಲೇ ಗೋಡೆ ಪಕ್ಕ ಕೂತಿದ್ದರು, ಸೀರೆಯ ಅಂಚಿಗೆ ಎಣ್ಣೆ ಮೆತ್ತಿತ್ತು. ಹೆಡ್‌ಮಿಸ್ಸು ಕೆಟ್ಟವರಲ್ಲ. ಸ್ಕೂಲ್ ಕಮಿಟಿಯವರಿಗೆ ಹೇಳೋಕೆ ಅವರಿಗೂ ಏನಾದರೂ ಬೇಕಿತ್ತು ಅಂತ ಈಗ ಅನ್ನಿಸುತ್ತೆ. "ಕಣ್ಣು ಕಾಣದೇ ಇರೋರು ನಿಮಗೆಲ್ಲ ಹೇಗಮ್ಮ ಪಾಠ ಮಾಡಿದ್ರು? ಏನಾದ್ರೂ ಕಲ್ತಿದ್ದೀರಾ?"

ಬ್ಯಾಗಲ್ಲಿ ನನ್ನ ನೋಟ್‌ಬುಕ್ಕಿತ್ತು. ಚೌಕ, ನಕ್ಷತ್ರ, ಸ್ಕೂಲಿನ ಅಷ್ಟೂ ದಾರಿಗಳು. ತೆಗೆದು ಮೇಜಿನ ಮೇಲಿಟ್ಟಿದ್ದರೆ ಸಾಕಿತ್ತು. ಆದರೆ ಗುಟ್ಟು ಮುಚ್ಚಿಟ್ಟಿದ್ದಕ್ಕೆ ನನ್ನನ್ನೂ ಸ್ಕೂಲಿಂದ ತೆಗೆದುಬಿಡ್ತಾರೆ ಅನ್ನೋ ಭಯ ನನಗೆ. "ಗೊತ್ತಿಲ್ಲ ಮಿಸ್" ಅಂದೆ.

ಗೋಡೆ ಪಕ್ಕದಿಂದ ಮಿಸ್ಸು ಮೆಲ್ಲಗೆ, "ಪಾಪ ಮಗು, ಬಿಡಿ ಮೇಡಂ. ಅವಳಿಗೇನೂ ಗೊತ್ತಿಲ್ಲ" ಅಂದರು. ನನ್ನನ್ನು ಕಾಪಾಡಿಬಿಟ್ಟರು. ಅದನ್ನು ಇವತ್ತಿಗೂ ಅರಗಿಸಿಕೊಳ್ಳೋಕೆ ಆಗಿಲ್ಲ ನನಗೆ.

ಸಂಜೆ ಬೆಲ್ ಆದ ಮೇಲೆ ಅವರು ಬ್ಯಾಗು ತಗೊಂಡು ಗೇಟಿನ ತನಕ ಎಣಿಸಿಕೊಂಡು ಹೋದರು. ಅಲ್ಲಿ ನಿಂತರು. ನಾನು ನಲ್ಲಿ ಕಟ್ಟೆಯ ಹಿಂದೆ ಬಚ್ಚಿಟ್ಟುಕೊಂಡಿದ್ದೆ. ಯಾವ ಮುಖ ಇಟ್ಟುಕೊಂಡು ಹೋಗಲಿ? ಮಕ್ಕಳೆಲ್ಲ ಹೋದರು. ಅವರು ಕೈಯನ್ನು ಸ್ವಲ್ಪ ಹೊರಗೆ ಚಾಚಿ, ಹಿಡಿಯೋರಿಗೆ ಸಿಗಲಿ ಅನ್ನೋ ಹಾಗೆ, ಬಹಳ ಹೊತ್ತು ಕಾಯ್ದರು. ಆಮೇಲೆ ಆ ಕೈಯನ್ನು ಸೆರಗಿನೊಳಗೆ ತಗೊಂಡು ಒಬ್ಬರೇ ರಸ್ತೆಗಿಳಿದರು. ನಾನು ಕಣ್ಣು ಮುಚ್ಚಿಕೊಂಡುಬಿಟ್ಟೆ. ತೆಗೆದಾಗ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ...

ದಸರಾ ರಜ ಮುಗಿದ ಮೇಲೆ ಮಿಸ್ಸು ಮತ್ತೆ ಸ್ಕೂಲಿಗೆ ಬರಲೇ ಇಲ್ಲ. ಎರಡು ಸಾವಿರದ ಇಸವಿ ದಾಟಿ, ಕಾಲೇಜು ಮುಗಿದ ಮೇಲೆ, ಒಂದು ಭಾನುವಾರ ಕೆಸರೆಗೆ ಹುಡುಕಿಕೊಂಡು ಹೋದೆ. ಅಂಗಡಿಯಲ್ಲಿದ್ದ ಅಜ್ಜಿಯೊಬ್ಬರು ಕಾಳಜಿಯಿಂದಲೇ ವಿಚಾರಿಸಿದರು. ಸ್ಕೂಲ್ ಟೀಚರಾ, ಕನ್ನಡಕದೋರಾ, ಇಲ್ಲಿ ಸುಮಾರು ಜನ ಅವ್ರೆ ಕಣವ್ವ, ಅವರ ಎಸ್ರೇನು ಏಳು, ಮನೆ ತೋರಿಸ್ತೀನಿ, ಅಂದರು.

ನಾನು ಬಾಯಿ ತೆರೆದೆ. ಕಂಪ್ಯೂಟರ್ ಮಿಸ್ಸು ಅನ್ನೋದು ಬಿಟ್ಟು ಬೇರೇನೂ ಬರಲಿಲ್ಲ. ಹಳೇ ಸ್ಕೂಲು ಅಷ್ಟರಲ್ಲಿ ಮುಚ್ಚಿಹೋಗಿತ್ತು, ಕೇಳೋಕೆ ಯಾರೂ ಇರಲಿಲ್ಲ. ಅವರು ಇದ್ದಾರೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ದಿನಾ ಅವರ ಕೈ ಹಿಡಿದು ನಡೆದವಳು, ನಿಮ್ಮ ಹೆಸರೇನು ಮಿಸ್ ಅಂತ ಒಂದು ಸಲವೂ ಕೇಳಿರಲಿಲ್ಲ.