ಗುಡುಗಜ್ಜನ ಗರಗಸ

ಗುಡುಗಜ್ಜನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಅವನ ಮರ ಕೊಯ್ಯುವ ಮಿಲ್ಲಿನಲ್ಲಿ ಗರಗಸ ಎಷ್ಟೇ ಕಿರುಚಲಿ, ಅವನ ಬೈಗುಳ ಬೀದಿಗೆ ಕೇಳಿಸುತ್ತಿತ್ತು. ಎಪ್ಪತ್ತೆರಡು ವರ್ಷ ಅಂದರೆ ಯಾರಪ್ಪ ನಂಬಬೇಕು! ಅವನು ದಿಮ್ಮಿ ತಳ್ಳಬೇಕು, ಆ ಕಡೆ ನಿಂತ ಹೆಂಡತಿ ಹಲಗೆ ಎಳೆದುಕೊಳ್ಳಬೇಕು. ಮೂವತ್ತು ವರ್ಷದಿಂದ ಇದೇ ಸಂಸಾರ. ಗರಗಸ ನಿಲ್ಲಿಸಿದಾಗ ಅವಳು ಕೈ ಹಾಕಿ ಅದರ ಹಲ್ಲಿನ ಬುಡದ ಮರದ ಹೊಟ್ಟು ಬಳಿಯುವಳು. ಅವನು ದಿಮ್ಮಿಗೆ ಎರಡು ಸಲ ಕುಟ್ಟುವನು; ಅವಳು ಕೈ ತೆಗೆದ ಮೇಲೇ ಸ್ವಿಚ್ಚು.

ಆಮೇಲೊಂದು ದಿನ ಅಜ್ಜ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಆಪರೇಷನ್ ಆಯಿತು. ಮಾರನೇ ದಿನ ಸೂಜಿ ಕಿತ್ತೆಸೆದು, ನರ್ಸಿಗೆ ಒದ್ದು, ಹೆಂಡತಿಯ ಕುತ್ತಿಗೆಗೇ ಕೈ ಹಾಕಿದ.

"ನನ್ನ ಮರ ಕದಿಯೋಕೆ ಬಂದ್ಯಾ, ಕಳ್ಳಿ!"

ನಾಲ್ಕು ಜನ ಸೇರಿ ಬಿಡಿಸಿದರು. ಡಾಕ್ಟರು ಅವಳನ್ನು ಹೊರಗೆ ಕರೆದರು.

"ಅಮ್ಮಾ, ವಯಸ್ಸಾದವರಿಗೆ ಆಪರೇಷನ್ ಆದ್ಮೇಲೆ ಕೆಲವರಿಗೆ ಹೀಗೆ ತಲೆ ಕದಡುತ್ತೆ. ಈ ಆರ್ಭಟ ಇಳಿಯುತ್ತೆ. ಮರೆವು ಮಾತ್ರ ತಿಂಗಳುಗಟ್ಟಲೆ ಉಳೀಬಹುದು. ಮಿಷನ್ ಹತ್ರ ಬಿಡಬೇಡಿ."

ಬಿಡಬೇಡಿ ಅಂದುಬಿಟ್ಟರೆ ಆಯಿತೇ? ಈ ಗೂಳಿಯನ್ನು ಹಿಡಿಯುವವರು ಯಾರು? ಮೂರನೇ ತಿಂಗಳು ಕೋಲೂರಿಕೊಂಡು ಮಿಲ್ಲಿಗೆ ನುಗ್ಗಿದ.

"ನನಗೇನು ತಲೆ ಕೆಟ್ಟಿದ್ಯೇನೇ?"

ಮೊದಲ ದಿಮ್ಮಿಯನ್ನು ನೂಲು ಹಿಡಿದ ಹಾಗೆ ಕೊಯ್ದ. ಅಯ್ಯೋ, ಪಾಪದವಳು, ಅಷ್ಟಕ್ಕೇ ಹಿಗ್ಗಿಬಿಟ್ಟಳು. ಗರಗಸ ನಿಂತ ಕೂಡಲೇ ಹೊಟ್ಟು ಬಳಿಯಲು ಕೈ ಹಾಕಿದಳು. ಅವನು ಕುಟ್ಟುವುದನ್ನೇ ಮರೆತು ಸ್ವಿಚ್ ಒತ್ತಿದ. ಎರಡು ಬೆರಳು ಹಾರಿ ಹೊಟ್ಟಿನಲ್ಲಿ ಬಿದ್ದವು. ರಕ್ತ ಅವನ ಮುಖಕ್ಕೇ ಚಿಮ್ಮಿತು.

ಮಾರನೇ ದಿನ ಅವಳ ಕೈಗೆ ಕಟ್ಟಿದ್ದ ಪಟ್ಟಿ ನೋಡಿ ಗುಡುಗಿದ, "ಯಾವನೇ ಅವನು ಸ್ವಿಚ್ ಹಾಕಿದ್ದು? ಹೇಳು, ಸಿಗಿದು ಹಾಕ್ತೀನಿ!"

"ನೀವೇ ಕಣ್ರೀ," ಎಂದಳು. ಗೋಡೆಗೆ ಹಣೆ ಚಚ್ಚಿಕೊಂಡ, ಸುಣ್ಣವೆಲ್ಲ ಕೆಂಪಾಗುವವರೆಗೆ. ಮೂರನೇ ದಿನ ಹಣೆಯ ಗಾಯ ಮುಟ್ಟಿಕೊಳ್ಳುತ್ತ ಮತ್ತೆ ಅದೇ ಪ್ರಶ್ನೆ. ಮತ್ತೆ ಹೇಳಿದಳು, ಮತ್ತೆ ಚಚ್ಚಿಕೊಂಡ. ಹೀಗೇ ಬಿಟ್ಟರೆ ಮನುಷ್ಯ ಉಳಿಯುವುದಿಲ್ಲ. ಮಿಲ್ಲಿಗೆ ಬಿಟ್ಟರೆ ಇನ್ನೊಬ್ಬರು ಉಳಿಯುವುದಿಲ್ಲ.

ನಾಲ್ಕನೇ ದಿನ ಅವಳೇ ಅವನನ್ನು ಮಿಲ್ಲಿಗೆ ಕರೆದುಕೊಂಡು ಹೋದಳು. ಕರೆಂಟು ಮೊದಲೇ ತೆಗೆಸಿದ್ದಳು.

"ಯಾವನೇ ಅವನು?" ಎಂದ.

"ಯಾರೂ ಅಲ್ಲ. ಈ ದರಿದ್ರ ಮಿಷನ್ನು. ತಾನಾಗೇ ತಿರುಗಿಬಿಡ್ತು."

ಅಜ್ಜ ಕೋಲು ಎಸೆದು ಸಮ್ಮಟಿಗೆ ಎತ್ತಿದ. ಹೊಡೆದ, ಬೈದ, ಅಳುತ್ತ ಹೊಡೆದ. ಗರಗಸ ತುಂಡಾಯಿತು, ಮೋಟಾರು ಒಡೆಯಿತು. ಕೊನೆಗೆ ಏದುಸಿರು ಬಿಡುತ್ತ ನಿಂತ.

"ಸಾಕೇನೇ?"

ಮೂವತ್ತು ವರ್ಷದ ಅನ್ನ ನೆಲದ ಮೇಲೆ ಚೂರಾಗಿ ಬಿದ್ದಿತ್ತು. ಸ್ವಿಚ್ಚಿನ ಡಬ್ಬಿ ಮಾತ್ರ ಇನ್ನೂ ನೆಟ್ಟಗಿತ್ತು.

"ಅದಕ್ಕೂ ಒಂದು ಹಾಕ್ರೀ," ಎಂದಳು.