ಜಾಳಿಯ ಆಚೆ ಇವರು, ಈಚೆ ನನ್ನ ಮೊಣಕಾಲು

ನಮ್ಮ ದಾಂಪತ್ಯದ ಬಹುಪಾಲು ಮಾತುಕತೆ ಒಂದು ಕಬ್ಬಿಣದ ಜಾಳಿಯ ಮೂಲಕವೇ ನಡೆದಿದೆ ಎಂದರೆ ನೀವು ನಂಬಲಿಕ್ಕಿಲ್ಲ. ಜೈಲಿನದ್ದಲ್ಲ, ಗಾಬರಿಯಾಗಬೇಡಿ, ಲೋಕಲ್ ರೈಲುಗಾಡಿಯದ್ದು. ಹೆಂಗಸರ ಡಬ್ಬಿಗೂ ಪಕ್ಕದ ಗಂಡಸರ ಡಬ್ಬಿಗೂ ನಡುವೆ ಅಂಥದೊಂದು ಜಾಳಿ, ಅಂದರೆ ಜಾಲರಿ, ಇರುತ್ತದೆ. ನಾನು ಠಾಣೆ ಊರಿನ ಕನ್ನಡ ಶಾಲೆಯಲ್ಲಿ ಟೀಚರು. ನಮ್ಮವರು ವಾಗ್ಳೆ ಎಸ್ಟೇಟಿನ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದವರು. ಡೋಂಬಿವಲಿಯಲ್ಲಿ ಒಂದೇ ಗಾಡಿ ಹತ್ತಿ, ಜಾಳಿಯ ಆಚೆ ಇವರು, ಈಚೆ ನಾನು ನಿಂತು, ಮಗಳ ಫೀಸಿನಿಂದ ಹಿಡಿದು ಅವಳ ಮದುವೆಯವರೆಗೆ ಎಲ್ಲವನ್ನೂ ಅಲ್ಲೇ ಇತ್ಯರ್ಥ ಮಾಡಿದೆವು. ಮನೆಯಲ್ಲಿ ಜಗಳವಾಡಿ ಹೊರಟ ದಿನ ಇವರು ಬಾಯಿ ಬಿಡದೆ, ಹುರಿದ ಶೇಂಗಾಕಾಳನ್ನು ಒಂದೊಂದಾಗಿ ಜಾಳಿಯ ಸಂದಿಯಿಂದ ನನ್ನ ಕಡೆ ದಾಟಿಸುತ್ತಿದ್ದರು. ಠಾಣೆ ಬರುವ ಹೊತ್ತಿಗೆ ನನ್ನ ಸಿಟ್ಟು ಅರ್ಧ ಇಳಿದಿರುತ್ತಿತ್ತು.

ಇವರು ರಿಟೈರಾದ ಮೇಲೆ ಜಾಳಿಯ ಆಚೆ ಯಾರ್ಯಾರೋ ನಿಲ್ಲತೊಡಗಿದರು. ಅದೇ ಸಮಯ ನೋಡಿಕೊಂಡು ನನ್ನ ಬಲ ಮೊಣಕಾಲೂ ಕೈಕೊಟ್ಟಿತು.

ಮೊಣಕಾಲಿಗೆ ನಮ್ಮ ಕವಿಗಳು ಏನೇನೂ ನ್ಯಾಯ ಮಾಡಿಲ್ಲ ಎಂಬುದು ನಾನು ಹಾಸಿಗೆ ಹಿಡಿದಾಗ ನಡೆಸಿದ ಸಂಶೋಧನೆ. ಕಣ್ಣಿಗೆ ಕಮಲ, ನಡಿಗೆಗೆ ಹಂಸ, ತೊಡೆಗೂ ಒಂದು ಬಾಳೆಯ ದಿಂಡು ಉಂಟು. ಮೊಣಕಾಲಿನ ಪ್ರಸ್ತಾಪ ಬರುವುದು ‘ಆಜಾನುಬಾಹು’ ಎನ್ನುವಲ್ಲಿ ಮಾತ್ರ. ಅದೂ ನಾಯಕನ ತೋಳು ಎಲ್ಲಿಯವರೆಗೆ ಇಳಿದಿದೆ ಎಂದು ತೋರಿಸುವುದಕ್ಕೆ. ಅಷ್ಟು ಉದ್ದದ ತೋಳು ಇದ್ದವನು ನೋವಿದ್ದಾಗ ಬಗ್ಗದೆಯೇ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳಬಹುದಿತ್ತು ಎಂಬ ಹೊಸ ವ್ಯಾಖ್ಯಾನವನ್ನು ಇವರ ಮುಂದಿಟ್ಟೆ. ಇವರು ನಗಲಿಲ್ಲ, ಎಣ್ಣೆ ಬಿಸಿ ಮಾಡಲು ಎದ್ದು ಹೋದರು.

ಡಾಕ್ಟರು ಸವೆದ ಕೀಲನ್ನು ತೆಗೆದು ಹೊಸದನ್ನು ಕೂರಿಸಿದರು. ದೀಪಾವಳಿ ರಜೆ ಮುಗಿಯುವಷ್ಟರಲ್ಲಿ ಶಾಲೆಗೆ ಹೋಗಬಹುದು ಎಂದಿದ್ದರು. ಮೊದಲು ಹೊಲಿಗೆಯಲ್ಲಿ ಕೀವಾಯಿತು. ಅದು ಮಾಯುವಷ್ಟರಲ್ಲಿ ಕೀಲು ಬಿಗಿದುಕೊಂಡಿತು. ಮತ್ತೊಮ್ಮೆ ಅರಿವಳಿಕೆ ಕೊಟ್ಟು ಬಗ್ಗಿಸಿ ಕಳಿಸಿದರು. ಮನೆಗೆ ಬಂದು ನಾನು ನೋವಿಗೆ ಹೆದರಿ ಅಲ್ಲಾಡಿಸದೆ ಮಲಗಿದೆ, ಅದು ಪುನಃ ಬಿಗಿಯಿತು. ಕೋಲು ಹಿಡಿದು ನಡೆಯಬಲ್ಲೆ, ಆದರೆ ಕೂತರೆ ಕಾಲು ಮುಂದಕ್ಕೆ ಚಾಚಿಯೇ ಇರಬೇಕು. ಲೋಕಲ್ ಗಾಡಿಯ ಎದುರುಬದುರು ಸೀಟುಗಳ ನಡುವೆ ಮಡಚಿದ ಮೊಣಕಾಲಿಗೇ ಜಾಗ ಸಾಲದು, ಇನ್ನು ಚಾಚಿದ ಕಾಲನ್ನು ಯಾರು ಸಹಿಸುತ್ತಾರೆ? ಶಿಳ್‌ಫಾಟಾದ ಟ್ರಾಫಿಕ್ಕು ದಾಟಿ ದಿನಾ ರಸ್ತೆಯಲ್ಲಿ ಹೋಗಿಬರುವುದಂತೂ ಆಗದ ಮಾತು. ಕಾಲು ಮಡಚದಿದ್ದರೆ ಗಾಡಿಯಿಲ್ಲ, ಗಾಡಿಯಿಲ್ಲದಿದ್ದರೆ ಶಾಲೆಯಿಲ್ಲ.

ಇವರು ಅಟ್ಟದ ಮೇಲಿಂದ ತಮ್ಮ ಹಳೆಯ ಉಕ್ಕಿನ ಮೂಲೆಮಟ್ಟವನ್ನು ಕೆಳಗಿಳಿಸಿದರು. ಫ್ಯಾಕ್ಟರಿಯಲ್ಲಿ ಕಬ್ಬಿಣದ ಮೂಲೆ ಸರಿಯಾಗಿ ತೊಂಬತ್ತು ಡಿಗ್ರಿ ಇದೆಯೇ ಎಂದು ನೋಡುವ ಸಾಧನ ಅದು. ಹಾಲ್‌ನಲ್ಲಿ ಎರಡು ಕುರ್ಚಿಗಳನ್ನು ಗಾಡಿಯ ಸೀಟಿನಷ್ಟೇ ಹತ್ತಿರ ಎದುರುಬದುರು ಇಟ್ಟು, ಒಂದರಲ್ಲಿ ನನ್ನನ್ನು ಕೂರಿಸಿ, ಇನ್ನೊಂದರಲ್ಲಿ ತಾವು ಕೂತು, ಥೇಟ್ ಹೆಂಗಸರ ಡಬ್ಬಿಯವರ ದನಿಯಲ್ಲಿ “ಪಾಯ ಜರಾ ಆತ ಘ್ಯಾ” ಎಂದು ಮರಾಠಿಯಲ್ಲಿ ಗದರುತ್ತಿದ್ದರು. ಕಾಲು ಸ್ವಲ್ಪ ಒಳಗೆ ತಗೊಳ್ಳಿ ಅಂತ. ನಾನು ತಗೊಳ್ಳುತ್ತಿದ್ದೆ, ನಗು ಅಳು ಎರಡೂ ಒಟ್ಟಿಗೆ ಬರುತ್ತಿದ್ದವು. ಆಮೇಲೆ ನನ್ನ ಮೊಣಕಾಲಿಗೆ ಮೂಲೆಮಟ್ಟ ಹಿಡಿದು, ತೊಂಬತ್ತಾಗಿಲ್ಲವೆಂದು ನೋಡಿ, ಅದನ್ನು ಒರೆಸಿ ಇಡುತ್ತಿದ್ದರು.

ಒಂದು ಬೆಳಿಗ್ಗೆ ನಾನು ಕುರ್ಚಿಯನ್ನೇ ತಳ್ಳಿ ಉರುಳಿಸಿಬಿಟ್ಟೆ. ಇನ್ನು ನನ್ನಿಂದಾಗದು, ರಾಜೀನಾಮೆ ಕೊಡುತ್ತೇನೆ ಎಂದೆ. ಜೋಳದ ಹಿಟ್ಟು ನಾದುತ್ತಿದ್ದ ಇವರು ಹಿಟ್ಟಿನ ಕೈಯಲ್ಲೇ ಬಂದು ನಿಂತರು. ಇವರ ವಿಜಯಪುರದ ಮಾತು ಸಿಟ್ಟಿನಲ್ಲೂ ಮೆತ್ತಗೆ.

“ನೌಕರಿ ಬಿಡೂದಾದ್ರ ಬಿಡು. ಆದ್ರ ಈ ಕಾಲಿನ ಸಲುವಾಗಿ ಬಿಡಬ್ಯಾಡ.”

ಆಗ ಇವರ ಮುಖವನ್ನು ಸರಿಯಾಗಿ ನೋಡಿದೆ. ಕಣ್ಣಿನ ಸುತ್ತ ಕಪ್ಪಾಗಿತ್ತು. ಪಕ್ಕದ ಫ್ಲ್ಯಾಟಿನವರೆಗೂ ಕೇಳುತ್ತಿದ್ದ ಇವರ ಗೊರಕೆ ಆಪರೇಷನ್ ಆದಾಗಿನಿಂದ ಮನೆಯಲ್ಲಿ ಕೇಳಿಯೇ ಇಲ್ಲ ಎಂಬುದು ನನಗೆ ಆಗಲೇ ಹೊಳೆದದ್ದು. ನಾನು ಮಗ್ಗುಲಾದರೆ ಸಾಕು, ಇವರು ಎದ್ದು ಕೂತಿರುತ್ತಿದ್ದರು. ಮಧ್ಯಾಹ್ನವಾದರೂ ಮಲಗಿ ಎಂದರೆ ನಿದ್ದೆ ಆಗಿದೆ ಎನ್ನುತ್ತಿದ್ದರು. ನನ್ನ ಮೊಣಕಾಲು ನನ್ನೊಬ್ಬಳದೇ ಎಂದು ತಿಳಿದಿದ್ದೆನಲ್ಲ! ನನಗೆ ತುಂಬಾ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಇವರ ಮೇಲೆ ಪ್ರೀತಿ ಉಕ್ಕಿತು. ಹೋಗಿ ಕುರ್ಚಿಯನ್ನು ಎತ್ತಿ ನಿಲ್ಲಿಸಿ ಕೂತೆ.

ಮೂಲೆಮಟ್ಟದ ಎರಡು ಅಂಚುಗಳೂ ಕಾಲಿಗೆ ತಾಗಲು ಮಳೆಗಾಲವೇ ಬರಬೇಕಾಯಿತು. ಶಾಲೆ ತೆರೆದ ದಿನ ಡೋಂಬಿವಲಿಯಿಂದಲೇ ಹೊರಡುವ ಗಾಡಿ ಹಿಡಿದೆವು, ಸೀಟು ಸಿಗಲಿ ಎಂದು. ತಮ್ಮ ಜೊತೆ ಗಂಡಸರ ಡಬ್ಬಿಯಲ್ಲೇ ಬಾ ಎಂದು ಇವರು ಕರೆದರು. ನಾನು ಒಪ್ಪಲಿಲ್ಲ. ನನ್ನ ಪರೀಕ್ಷೆ ನನ್ನ ಡಬ್ಬಿಯಲ್ಲೇ ಆಗಬೇಕು. ನಾನು ಜಾಳಿಯ ಪಕ್ಕದ ಸೀಟು ಹಿಡಿದೆ. ಇವರು ಹಳೆಯ ಜಾಗಕ್ಕೆ ಹೋಗಿ, ಜಾಳಿ ಹಿಡಿದು ನಿಂತು, ಕಣ್ಣು ಮಿಟುಕಿಸದೆ ನನ್ನ ಮೊಣಕಾಲನ್ನೇ ನೋಡತೊಡಗಿದರು.

ದಿವಾ ಸ್ಟೇಷನ್ನಿನಲ್ಲಿ ಜನ ನುಗ್ಗಿತು. ನನ್ನೆದುರು ಒಬ್ಬಾಕೆ ಬ್ಯಾಗು ಬುಟ್ಟಿ ಸಮೇತ ಬಂದು ನಿಂತು, ನನ್ನ ಕೋಲನ್ನಾಗಲಿ ಮುಖವನ್ನಾಗಲಿ ನೋಡದೆ, “ಮಾವಶಿ, ಪಾಯ ಜರಾ ಆತ ಘ್ಯಾ” ಎಂದು ಗದರಿದಳು.

ಒಳಗೆ ತಗೊಂಡೆ. ಕಾಲು ಮಡಚಿತು. ಅಷ್ಟು ಚಂದದ ಬೈಗುಳವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ.

ಇವರಿಗೆ ತೋರಿಸಬೇಕೆಂದು ತಿರುಗಿದೆ. ಜಾಳಿಗೆ ಹಣೆ ಆನಿಸಿ, ನಿಂತಲ್ಲೇ, ಇವರು ಗೊರಕೆ ಹೊಡೆಯುತ್ತಿದ್ದರು. ಮುಂಬ್ರಾದ ಗುಡ್ಡ ಬಂತು, ಸಮುದ್ರದ ಖಾಡಿಯ ಉಪ್ಪುನೀರು ಬಂತು, ಗೊರಕೆ ನಿಲ್ಲಲಿಲ್ಲ. ಹೆಂಗಸರೆಲ್ಲ ಆ ಕಡೆ ನೋಡಿ ನಗತೊಡಗಿದರು. ಎಬ್ಬಿಸಲೇ ಎಂದು ಒಬ್ಬಳು ಜಾಳಿಯ ಕಡೆ ಕೈ ಮಾಡಿದಳು. ಬೇಡ, ಅವರು ನಮ್ಮವರೇ, ಠಾಣೆಯವರೆಗೆ ಮಲಗಲಿ ಎಂದೆ.

ಗಾಡಿ ಠಾಣೆಯಲ್ಲಿ ನಿಧಾನವಾದಾಗ ಪರ್ಸಿನಿಂದ ಒಂದು ಶೇಂಗಾಕಾಳು ತೆಗೆದು, ಜಾಳಿಯ ಸಂದಿಯಿಂದ ದಾಟಿಸಿ ಇವರ ಕೆನ್ನೆಗೆ ತಾಗಿಸಿದೆ. ಬೆಚ್ಚಿ ಕಣ್ಣು ಬಿಟ್ಟರು. ಪ್ಲಾಟ್‌ಫಾರ್ಮಿನಲ್ಲಿ ನನ್ನ ಕೈ ಹಿಡಿದು ಇಳಿಸಿಕೊಂಡು, “ಎಲ್ಲಾ ನೋಡೀನಿ. ಕಾಲು ಚಲೋ ಮಡಚ್ತು” ಎಂದರು.

ಇವರ ಹಣೆಯ ತುಂಬ ಜಾಳಿಯ ಚೌಕುಳಿ ಒತ್ತಿ ಕೆಂಪಾಗಿ ಮೂಡಿತ್ತು. ನಾನು ಮಕ್ಕಳ ಮುಖ ನೋಡಿಯೇ ಸುಳ್ಳು ಹಿಡಿಯುವ ಟೀಚರು. ಹೌದು, ನೀವು ನೋಡಿದ್ದಕ್ಕೇ ಮಡಚಿತು ಎಂದೆ. ಅಷ್ಟು ತಿಂಗಳು ಇವರು ನಿದ್ದೆಗೆಟ್ಟು ನೋಡಿದ್ದನ್ನು ನೆನೆದರೆ, ನಾನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ.