‘ಇವಳೇ’ ಅಂದರು ಅಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೆಯ ಮಹಡಿಯ ಮನೆಯೊಂದರ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಹೆಂಗಸು ಕೈಚೀಲವನ್ನು ಸ್ಟೂಲಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಡುತ್ತಾರೆ. ಒಳಗಿರುವುದೆಲ್ಲ ಹೊರಗೇ ಕಾಣುವ ಪ್ಲಾಸ್ಟಿಕ್ ಚೀಲ ಅದು. ಊಟದ ಡಬ್ಬಿ, ಬಾಚಣಿಗೆ, ಮಡಿಸಿದ ಬದಲಿ ಬಟ್ಟೆ, ಅಷ್ಟೆ.

“ಬಟ್ಟೆ ಚೀಲ ಚೆನ್ನಾಗಿರುತ್ತೆ ಸಾರ್, ಗೊತ್ತು. ಆದ್ರೆ ಯಾವ ಮನೇಲಿ ಏನೇ ಕಳೆದ್ರೂ ಮೊದಲು ಹುಡುಕೋದು ಆಯಾನ ಚೀಲ. ಇದಾದ್ರೆ ಹುಡುಕೋ ಕಷ್ಟ ಅವರಿಗಿಲ್ಲ, ಹುಡುಕಿಸಿಕೊಳ್ಳೋ ಕಷ್ಟ ನನಗಿಲ್ಲ.”

ಒಳಕೋಣೆಗೆ ಹೋದವರೇ ಬೀರುವಿನ ಮೇಲಿನ ಪುಟ್ಟ ಕ್ಯಾಮೆರಾದತ್ತ ಮುಖ ಎತ್ತಿ “ಬಂದೆ ಅಣ್ಣಾ” ಅನ್ನುತ್ತಾರೆ. ಅದಕ್ಕೆ ಮಾತು ಕೇಳಿಸುವುದಿಲ್ಲ, ಚಿತ್ರ ಮಾತ್ರ ಕಾಣಿಸುತ್ತದೆ ಎಂದು ಅವರಿಗೂ ಗೊತ್ತು. “ಬಾಯಿ ಆಡೋದು ಕಾಣುತ್ತಲ್ಲ, ಸಾಕು.” ಆಮೇಲೆ ಮಂಚದ ಕಡೆ ತಿರುಗುತ್ತಾರೆ. ಮಲಗಿರುವ ಅಮ್ಮನನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ, ಬೆನ್ನು, ಸೊಂಟ, ಹಿಮ್ಮಡಿ ಎಲ್ಲಾದರೂ ಕೆಂಪಾಗಿದೆಯೇ ಎಂದು ನೋಡುತ್ತಾರೆ. ಶಕ್ತಿಯಿಲ್ಲದ ಬಲಗೈಯನ್ನು ಯಾರೋ ನಂಬಿ ಕೊಟ್ಟ ಸಾಮಾನಿನಂತೆ ಜೋಪಾನವಾಗಿ ಎತ್ತಿ ದಿಂಬಿನ ಮೇಲಿಡುತ್ತಾರೆ.

“ಇವಳೇ,” ಅನ್ನುತ್ತಾರೆ ಅಮ್ಮ.

“ಇಲ್ಲೇ ಇದೀನಮ್ಮಾ.”

ಮೂಲೆಯ ಕುರ್ಚಿಯಲ್ಲಿ ಕೂತ ನನ್ನನ್ನೂ ಅವರು ಸುಲಭಕ್ಕೆ ನಂಬಿಲ್ಲ. “ನಿಮ್ಮನ್ನ ಇಲ್ಲಿ ಕೂರಿಸಿದ್ದು ಯಾರು? ಅಣ್ಣನಾ, ಅಕ್ಕನಾ? ಕ್ಯಾಮೆರಾ ಸಾಲದು ಅಂತಲಾ?” ಪತ್ರಿಕೆಯ ಗುರುತಿನ ಚೀಟಿ ಕೊಟ್ಟರೆ ಎರಡೂ ಬದಿ ತಿರುಗಿಸಿ ನೋಡಿ, “ಆಯ್ತು, ಕೂತಿರಿ” ಎಂದು ಅಪ್ಪಣೆ ಕೊಡುತ್ತಾರೆ. ಅಣ್ಣ ಅಂದರೆ ಈ ಅಮ್ಮನ ಮಗ, ಅಕ್ಕ ಅಂದರೆ ಸೊಸೆ.

ವಯಸ್ಸಾದವರನ್ನು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದು ಇವರ ಕೆಲಸ. ಮೊದಲು ಬಟ್ಟೆ ಒಗೆಯುವ ಅಂಗಡಿಯಲ್ಲಿ ಇಸ್ತ್ರಿ ಹಾಕುತ್ತಿದ್ದರಂತೆ. ಕಾಯಿಲೆ ಬಿದ್ದ ಅತ್ತೆಯ ಆರೈಕೆ ಮಾಡುತ್ತ ಮಾಡುತ್ತ ಈ ಕೆಲಸ ಕೈಗೆ ಹತ್ತಿತು. “ಅತ್ತೆ ನನ್ನನ್ನ ಬೈದ ಬೈಗುಳ ಕೇಳಿದೀನಲ್ಲ, ಇನ್ಯಾರ ಅಮ್ಮ ಬೈದ್ರೂ ನನಗೆ ಜೋಗುಳ!” ಎಂದು ನಗುತ್ತಾರೆ. ಹೊಸ ಮನೆಗೆ ಸೇರಿದ ದಿನವೇ ಮನೆಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ರೋಗಿಯ ಮೈಮೇಲಿನ ಹಳೇ ಕಲೆ, ಗಾಯಗಳನ್ನೆಲ್ಲ ತೋರಿಸಿಬಿಡುತ್ತಾರೆ. “ನಾಳೆ ನನ್ನ ತಲೆಗೆ ಕಟ್ಟಬಾರದಲ್ಲ. ನಾನೇನು ಕಮ್ಮಿ ಅನುಮಾನದವಳಲ್ಲ ಸಾರ್.”

ಇಷ್ಟು ಹುಷಾರಿನವರ ತಲೆಗೂ ಕಟ್ಟಿಯೇಬಿಟ್ಟರು.

ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು. ಬದುಕಿಡೀ ಮಾತೇ ಮಾತು. ಈ ವಯಸ್ಸಲ್ಲೂ ನಡೆದಾಡಿಕೊಂಡು, ಕೆಳಗಿನ ತರಕಾರಿಯವನ ಜೊತೆ ಜಗಳ ಆಡಿಕೊಂಡು ಗಟ್ಟಿಯಾಗಿದ್ದರು. ಮೊನ್ನೆ ಚಳಿಗಾಲದ ಒಂದು ಬೆಳಿಗ್ಗೆ ಆಯಾ ತಲೆ ಬಾಚುತ್ತಿದ್ದಾಗ ಕನ್ನಡಿಯೊಳಗೆ ಅಮ್ಮನ ಬಾಯಿ ಒಂದು ಕಡೆಗೆ ಜಾರಿತು. ಮರುಕ್ಷಣ ಮೈಯೂ ವಾಲಿತು. ನೆಲಕ್ಕೆ ಬೀಳದಂತೆ ಇವರು ಅಮ್ಮನ ಎಡಗೈ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಎಳೆದುಕೊಂಡರು, ಕೂಗಿಕೊಂಡರು. ಮಗ, ಸೊಸೆ ಓಡಿ ಬರುವಷ್ಟರಲ್ಲಿ ಮಣಿಕಟ್ಟಿನಲ್ಲಿ ಐದೂ ಬೆರಳು ನೀಲಿಯಾಗಿ ಮೂಡಿದ್ದವು.

“ಬಿದ್ರಾ? ಎಷ್ಟೊತ್ತಿಗೆ ಬಿದ್ರು?” ಮಗ ಕೇಳಿದರಂತೆ.

“ಬೀಳಲಿಲ್ಲ ಅಣ್ಣಾ, ಹಿಡ್ಕೊಂಡೆ. ಈಗ, ಈಗ್ಲೇ ಆಗಿದ್ದು.”

“ಹಿಡ್ಕೊಂಡ್ರೆ ಕೈ ಹೀಗಾಗುತ್ತಾ?” ಅಂದರು ಸೊಸೆ. ಮಗ ತಾಯಿಯ ಮುಖದ ಹತ್ತಿರ ಬಗ್ಗಿ ಕೇಳಿದರು. “ಅಮ್ಮಾ, ಯಾರು ಮಾಡಿದ್ದು ಇದು?”

“ಇವಳೇ.”

ಅಮ್ಮ ಇವರನ್ನು ಯಾವತ್ತೂ ಹೆಸರು ಹಿಡಿದು ಕರೆದವರಲ್ಲ. ‘ಏ ಇವಳೇ, ಕನ್ನಡಕ ಎಲ್ಲಿ’, ‘ಇವಳೇ, ಬಾರೇ ಇಲ್ಲಿ’, ಹೀಗೇ ಕರೆಯುತ್ತಿದ್ದದ್ದು. ಬೆಳಿಗ್ಗೆ ಹೋಗಿ ರಾತ್ರಿ ಬರುವ ಮಗನ ಕಿವಿಗೆ ಇದು ಅಷ್ಟಾಗಿ ಬಿದ್ದಿರಲಿಲ್ಲ. ಹಾಗಾಗಿ ಒಂದೇ ಮಾತು ಮಗನಿಗೆ ದೂರಿನಂತೆ ಕೇಳಿಸಿತು, ಆಯಾಗೆ ಕರೆಯಂತೆ ಕೇಳಿಸಿತು.

“ನಾನು ಪೆದ್ದಿ, ‘ಬಂದೆ ಅಮ್ಮಾ’ ಅಂತ ಮುಂದೆ ಹೋದೆ. ಅಕ್ಕ ಕೈ ಅಡ್ಡ ಇಟ್ಟು, ‘ಹತ್ರ ಬಂದ್ರೆ ನೋಡು’ ಅಂದ್ರು.”

ಆಂಬುಲೆನ್ಸ್ ಹತ್ತಲು ಬಿಡಲಿಲ್ಲ. ಬಸ್ಸು ಹಿಡಿದು ಆಸ್ಪತ್ರೆಗೆ ಹೋದರೆ ಗೇಟಿನ ಕಾವಲುಗಾರ ಮೊಬೈಲು ಎತ್ತಿ ಇವರ ಮುಖಕ್ಕೆ ಹೋಲಿಸಿ ನೋಡಿದ. ಅಮ್ಮನೂ ಇವರೂ ಒಟ್ಟಿಗೆ ನಗುತ್ತ ಕೂತಿರುವ ಫೋಟೊ. ಇವರನ್ನು ಒಳಗೆ ಬಿಡಬಾರದೆಂದು ಮಗ ಅದನ್ನೇ ಕಳಿಸಿದ್ದರು.

“ಕೆಲಸ ಹೋದ್ರೆ ಹೋಗಲಿ, ಇನ್ನೊಂದು ಮನೆ ಸಿಗುತ್ತೆ. ‘ಮುದುಕಿಗೆ ಕೈ ಮಾಡಿದವಳು’ ಅಂತ ಹೆಸರು ಬಂದ್ರೆ ಯಾರು ಬಾಗಿಲು ತೆಗೀತಾರೆ ಸಾರ್? ಅಮ್ಮ ನಾಲ್ಕು ಮಾತಾಡಿದ್ರೆ ಸಾಕಿತ್ತು, ನಾ ಬಚಾವಾಗ್ತಿದ್ದೆ. ಅದಕ್ಕೇ ಗೇಟ್ ಬಿಟ್ಟು ಕದಲಲಿಲ್ಲ.” ಅಮ್ಮನ ಹೊದಿಕೆ ಸರಿಮಾಡುತ್ತ, “ಅಮ್ಮನಿಗೆ ಏನಾಗುತ್ತೋ ಅನ್ನೋ ಭಯಾನೂ ಇತ್ತು. ಯಾವುದು ಎಷ್ಟು ಅಂತ ತೂಕ ಹಾಕಕ್ಕಾಗಲ್ಲ” ಅನ್ನುತ್ತಾರೆ.

ಒಳಗೆ ನಡೆದದ್ದನ್ನು ಹೇಳಿದವರು ಮಗ. ಮಿದುಳಿಗೆ ಹೋಗುವ ರಕ್ತ ಕಟ್ಟಿ ಮಾತಿನ ಜಾಗಕ್ಕೇ ಪೆಟ್ಟು ಬಿದ್ದಿತ್ತು. ಡಾಕ್ಟರು ಪೆನ್ನು ತೋರಿಸಿ ಏನಿದು ಎಂದರೆ ಅಮ್ಮ “ಇವಳೇ” ಅಂದರು. ನೀರಿನ ಲೋಟಕ್ಕೂ “ಇವಳೇ.” ಮಗ ಮುಂದೆ ಬಗ್ಗಿ ಕೇಳಿದರು. “ಅಮ್ಮಾ, ನಾನ್ಯಾರು ಹೇಳು?”

“ನನ್ನ ಮುಖಾನೇ ನೋಡ್ಕೊಂಡು ‘ಇವಳೇ’ ಅಂದ್ರು. ಇಷ್ಟು ದಪ್ಪ ಮೀಸೆ ಇಟ್ಕೊಂಡಿರೋ ನನ್ನನ್ನ!” ಅವರು ನಗಲು ಹೋಗಿ ಬಿಟ್ಟುಬಿಡುತ್ತಾರೆ. ಕೆಲವರಿಗೆ ಹೀಗೆ ಒಂದೇ ಮಾತು ಉಳಿದು, ಎಲ್ಲಕ್ಕೂ ಅದೇ ಬರುತ್ತದೆಂದು ಡಾಕ್ಟರು ವಿವರಿಸಿದರು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಸುಮ್ಮನೆ ಹಿಡಿದರೂ ಚರ್ಮ ನೀಲಿಗಟ್ಟುತ್ತದೆ ಎಂದೂ ಹೇಳಿದರು.

ಮಗ ಗೇಟಿಗೆ ಬಂದರು. ತಪ್ಪಾಯಿತು ಅನ್ನಲಿಲ್ಲ. ಕಾವಲುಗಾರನಿಗೆ “ಇವರನ್ನ ಬಿಡಿ” ಅಂದರು, ಅಷ್ಟೆ.

“‘ಇವಳನ್ನ’ ಅನ್ನಲಿಲ್ಲ ಸಾರ್, ‘ಇವರನ್ನ’ ಅಂದ್ರು. ನಾ ಅಷ್ಟಕ್ಕೇ ಒಳಗೆ ಹೋದೆ.”

ಕ್ಯಾಮೆರಾ ಬಂದದ್ದು ಆಮೇಲೆ. ಹಾಕಿಸಿದ್ದು ತಾನೇ ಎಂಬುದನ್ನು ಸೊಸೆ ಮುಚ್ಚಿಡುವುದಿಲ್ಲ. “ಹೊಡೆದಿಲ್ಲ ಅಂತ ಒಪ್ಕೊಂಡೆ. ಆದ್ರೆ ಎಲ್ಲಾ ಮಾತು ಹೋಗಿ ಅದೊಂದೇ ಯಾಕೆ ಉಳೀತು? ಇಷ್ಟು ವರ್ಷದಿಂದ ನಾನೂ ಇದೀನಲ್ಲ ಈ ಮನೇಲಿ. ಇದನ್ನೂ ಬರ್ಕೋತಿದೀರಾ?” ಅವರಿಗೆ ಇನ್ನೊಂದು ಸಂಶಯವೂ ಇದೆ. ಮಾತಿನ ಅಭ್ಯಾಸ ಮಾಡಿಸಲು ಡಾಕ್ಟರು ಹೇಳಿದ್ದಾರೆ. ಆಯಾ ದಿನಾ ಅಮ್ಮನ ಕಿವಿಯ ಹತ್ತಿರ ಬಾಯಿಟ್ಟು ಏನೋ ಹೇಳಿಕೊಡುತ್ತಾರೆ, ಅಡುಗೆಮನೆ ಕಡೆಯಿಂದ ಹೆಜ್ಜೆ ಸಪ್ಪಳ ಕೇಳಿದರೆ ನಿಲ್ಲಿಸಿಬಿಡುತ್ತಾರೆ. “ತನ್ನ ಹೊಗಳಿಕೇನೇ ಬಾಯಿಪಾಠ ಮಾಡಿಸ್ತಿದಾಳೋ ಏನೋ!”

ಏನು ಕಲಿಸುತ್ತಿದ್ದೀರಿ ಎಂದು ನಾನೂ ಕೇಳುತ್ತೇನೆ. ಆಯಾ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸುತ್ತಾರೆ. “‘ಪುಟ್ಟ’ ಅಂತ. ಅಣ್ಣನ್ನ ಅಮ್ಮ ಕರೀತಿದ್ದದ್ದು ಹಾಗೇ. ‘ಪು’ ಬಂದಿದೆ, ಇನ್ನರ್ಧ ಬಾಕಿ. ಮೊದಲ ಸಲ ಅಮ್ಮನ ಬಾಯಲ್ಲೇ ಕೇಳಲಿ ಅಂತ ಗುಟ್ಟು ಮಾಡಿದೀನಿ. ಅಲ್ಲೀವರೆಗೂ ಪೇಪರಿಗೆ ಹಾಕಬೇಡಿ, ನಾನೇ ಫೋನ್ ಮಾಡ್ತೀನಿ.”

ಈ ಬರಹ ತಡವಾದದ್ದು ಅದಕ್ಕೇ. ಫೋನ್ ಬಂದದ್ದು ಕಳೆದ ವಾರ.

“ಹೇಳಿದ್ರು ಸಾರ್! ಅಣ್ಣ ಶೂ ಹಾಕ್ಕೊಳ್ತಿದ್ರು, ಒಳಗಿಂದ ‘ಪುಟ್ಟಾ’ ಅಂದ್ರು. ಅಣ್ಣ ಒಂದೇ ಶೂನಲ್ಲಿ ಓಡಿ ಬಂದು ಮಂಚದ ಹತ್ರ ಕೂತುಬಿಟ್ರು. ಅಕ್ಕ ಬಂದು ನನ್ನನ್ನೇ ದಿಟ್ಟಿಸಿ, ‘ನೀನು ಹೇಳಿಕೊಟ್ಟಿದ್ದಾ?’ ಅಂದ್ರು. ಎಷ್ಟು ಮನೆ ನೋಡಿದೀನಿ, ಏನೇನೋ ಅನುಮಾನ ಪಟ್ಟು ಕೇಳಿದಾರೆ. ತಲೆ ಎತ್ತಿ ‘ಹೂಂ, ನಾನೇ’ ಅಂದಿದ್ದು ಇದೊಂದಕ್ಕೇ.”